ಕಟಕಟೆ ಹತ್ತಿದ ಆನೆ

ತುಮಕೂರಿನ ಅಂತರಸನಹಳ್ಳಿಯ ಮಾರುಕಟ್ಟೆಯಲ್ಲಿ ತರಕಾರಿಯ ಮೂಟೆ ಇಳಿಸಿ, ಅಲ್ಲಿಂದ ನೇರವಾಗಿ ನ್ಯಾಯಾಲಯದ ಮೆಟ್ಟಿಲೇರುವ ರೈತ ಆನೆಯನ್ನು ಕಟ್ಟಿ ಸಾಕಿದವನಲ್ಲ. ಆದರೂ ಆನೆ ಸಾಕುವ ಕಷ್ಟ ಅವನಿಗೆ ಚೆನ್ನಾಗಿ ಗೊತ್ತು. ಅವನ ಮನೆಯಲ್ಲಿರುವುದು ಬದುವಿನ ವ್ಯಾಜ್ಯ. ಅದರ ಮೇವಿಗೂ ಕೊನೆಯಿಲ್ಲ.

ನ್ಯಾಯಕ್ಕೂ ಆನೆಗೂ ನಂಟು ಹಳೆಯದು. ಸಂಸ್ಕೃತದಲ್ಲಿ ದೃಷ್ಟಾಂತರೂಪವಾದ ಲೋಕೋಕ್ತಿಗೂ ‘ನ್ಯಾಯ’ವೆಂದೇ ಹೆಸರು. ಅವುಗಳಲ್ಲಿ ಅಂಧಗಜನ್ಯಾಯವನ್ನು ಕೇಳದವರಿಲ್ಲ. ಕಾಲು ಮುಟ್ಟಿದ ಕುರುಡನಿಗೆ ಆನೆ ಕಂಬ, ಕಿವಿ ಮುಟ್ಟಿದವನಿಗೆ ಮೊರ. ವಾದಿಯ ವಕೀಲರು ಕಂಬವೆಂದೂ ಪ್ರತಿವಾದಿಯ ವಕೀಲರು ಮೊರವೆಂದೂ ಸಾಧಿಸುವಾಗ, ಇಡೀ ಆನೆಯನ್ನು ಕಾಣಬೇಕಾದ ಹೊಣೆ ನ್ಯಾಯಾಧೀಶರದು. ಸಾಕ್ಷಿಗಳಿಗಾದರೋ ಧರ್ಮರಾಯನೇ ಮೇಲ್ಪಂಕ್ತಿ! ಅಶ್ವತ್ಥಾಮನೆಂಬ ಆನೆ ಸತ್ತಿತೆನ್ನುವಾಗ ‘ಆನೆ’ಯನ್ನು ಮೆಲ್ಲಗೆ ನುಂಗಿದ ಅವನು ಇಂದಿನ ಪಾಟೀಸವಾಲಿನಲ್ಲಿ ಪಾರಾಗುತ್ತಿದ್ದನೇ?

ಕಡಲಾಚೆಯ ನ್ಯಾಯಮೂರ್ತಿಗಳಿಗೂ ಈ ಪ್ರಾಣಿ ಅಚ್ಚುಮೆಚ್ಚು. ಇಂಗ್ಲೆಂಡಿನಲ್ಲಿ 1957ರಲ್ಲಿ ತೀರ್ಪಾದ ಸರ್ಕಸ್ಸಿನ ಮೊಕದ್ದಮೆಯೊಂದರಲ್ಲಿ ಬಂದದ್ದು ನಿಜವಾದ ಆನೆಯೇ. ನಾಯಿಯೊಂದು ಬೊಗಳಿ ಕೆಣಕಿತ್ತು. ಬರ್ಮಾದ ಆ ಹೆಣ್ಣಾನೆ ಹಸುವಿನಷ್ಟೇ ಸಾಧುವೆಂದು ಒಪ್ಪಿಯೂ, ಕಾನೂನಿನ ಕಣ್ಣಿಗೆ ಆನೆಗಳೆಲ್ಲ ಕಾಡುಮೃಗಗಳೇ ಎಂದು ನ್ಯಾಯಮೂರ್ತಿ ಡೆವ್ಲಿನ್ ತೀರ್ಮಾನಿಸಿದರು. 1998ರಲ್ಲಿ ನ್ಯಾಯಮೂರ್ತಿ ಸ್ಟುವರ್ಟ್-ಸ್ಮಿತ್ ‘ಆನೆಯ ಪರೀಕ್ಷೆ’ಯನ್ನು ನೆನೆದರು: ಕೆಲವು ಸಂಗತಿಗಳನ್ನು ಬಣ್ಣಿಸುವುದು ಕಷ್ಟ, ಕಂಡರೆ ಗುರುತಿಸುವುದು ಸುಲಭ. 2001ರಲ್ಲಿ ಅಮೆರಿಕದ ನ್ಯಾಯಮೂರ್ತಿ ಸ್ಕಾಲಿಯಾ, ಶಾಸನಸಭೆ ಇಲಿಯ ಬಿಲದಲ್ಲಿ ಆನೆಯನ್ನು ಬಚ್ಚಿಡುವುದಿಲ್ಲವೆಂದರು. ದೊಡ್ಡ ಅಧಿಕಾರವನ್ನು ಸಣ್ಣ ಉಪವಿಧಿಯೊಳಗೆ ಹುಡುಕಬಾರದೆಂಬುದು ಇದರ ತಾತ್ಪರ್ಯ.

ಆದರೆ ನಮ್ಮ ಕಕ್ಷಿಗಾರ ಬಲ್ಲ ಆನೆಯೇ ಬೇರೆ. ತಡವಾಗುವ ಕೆಲಸಕ್ಕೆ ಕನ್ನಡಿಗರು ‘ಗಜಪ್ರಸವ’ ಎನ್ನುತ್ತಾರೆ. ಆನೆ ಮರಿಯನ್ನು ಹೊರುವುದು ಸುಮಾರು 22 ತಿಂಗಳು. ಅಷ್ಟರಲ್ಲಿ ಮರಿಯ ಮುಖವನ್ನಾದರೂ ಕಾಣಬಹುದು. ದಾವಾದಲ್ಲಿ ಕಾಣುವುದು ಇನ್ನೊಂದು ವಾಯಿದೆ. ತೀರ್ಪು ಬಂದರೂ ಗೋಳು ತಪ್ಪದು. ಭಾರತದಲ್ಲಿ ಕಕ್ಷಿಗಾರನ ಕಷ್ಟ ಆರಂಭವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಹೇಳಿತ್ತು.

ಆನೆಯನ್ನೇ ಮಾರಿದ ಮೇಲೆ ಅಂಕುಶಕ್ಕೆ ಜಗಳವೇಕೆ ಎಂದು ಹಿರಿಯರು ಕೇಳಿದರು. ಎರಡು ಗೇಣು ಬದುವಿಗಾಗಿ ಹೊಲವನ್ನೇ ಮಾರಿದ ಅಣ್ಣತಮ್ಮಂದಿರು ಯಾವ ಊರಿನಲ್ಲಿಲ್ಲ? ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ನ್ಯಾಯಾಲಯದಲ್ಲಿರುವ ದಾವಾ 1987ರ ಕಾಯಿದೆಯನ್ವಯ ನಡೆಯುವ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ, ಕಟ್ಟಿದ ನ್ಯಾಯಾಲಯ ಶುಲ್ಕ ಮರಳಿ ಬರುತ್ತದೆ. ಆ ತೀರ್ಮಾನದ ಮೇಲೆ ಮೇಲ್ಮನವಿಯ ಅಲೆದಾಟವಿಲ್ಲ.

ಕಳೆದ ವರ್ಷಗಳನ್ನು ಮಾತ್ರ ಯಾವ ಅದಾಲತ್ತೂ ಹಿಂತಿರುಗಿಸದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಬದುವಿಗೆ ಹೋದ ಒಡಹುಟ್ಟಿದವರ ಪ್ರೀತಿಯೂ ಹಾಗೆಯೇ. ಅಡಿಕೆಯ ಬೆಲೆ ಬಲ್ಲ ತುಮಕೂರು ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.