ಏರ್‌ಸ್ಟ್ರೀಮಿನ ನೆತ್ತಿಗೆ ಹೊಸ ಏಸಿ

ಅಮೆರಿಕದ ಹೆದ್ದಾರಿಗಳಲ್ಲಿ ಕಾರಿನ ಹಿಂದೆ ಥಳಥಳಿಸುತ್ತ ಸಾಗುವ ದುಂಡುಮೈಯ ಅಲ್ಯೂಮಿನಿಯಂ ಮನೆಗಳೇ ಏರ್‌ಸ್ಟ್ರೀಮ್ ಟ್ರೇಲರ್‌ಗಳು. ಇವನ್ನು ತಯಾರಿಸುವುದು ವಾಲಿ ಬಯಮ್ ಹುಟ್ಟುಹಾಕಿದ ಕಂಪನಿ. 1936ರ ‘ಕ್ಲಿಪ್ಪರ್’ ಮಾದರಿಯಿಂದ ಈ ರೂಪ ಮನೆಮಾತಾಯಿತು. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಗಗನಯಾತ್ರಿಗಳನ್ನು ಪ್ರತ್ಯೇಕವಾಗಿ ಇರಿಸಿದ್ದೂ ಮಾರ್ಪಡಿಸಿದ ಏರ್‌ಸ್ಟ್ರೀಮಿನಲ್ಲೇ.

ಆ ಕಾಲದ ಟ್ರೇಲರ್‌ಗಳನ್ನು ಹುಡುಕಿ ತಂದು ಮತ್ತೆ ರಸ್ತೆಗಿಳಿಸುವುದು ಅಲ್ಲಿ ಒಂದು ಕಸುಬಾಗಿಯೇ ಬೆಳೆದಿದೆ. ಅದರಲ್ಲಿ ನೋಡಲು ಸುಲಭ, ಮಾಡಲು ಸೂಕ್ಷ್ಮವಾದ ಕೆಲಸವೆಂದರೆ ಮಾಡಿನ ಮೇಲಿನ ಏಸಿ ಬದಲಿಸುವುದು. ಈ ಏಸಿಗಳ ಅನಿಲದ ಕೊಳವೆಗಳನ್ನು ಕಾರ್ಖಾನೆಯಲ್ಲೇ ಬೆಸೆದು ಮುಚ್ಚಿರುತ್ತಾರೆ. ಅನಿಲ ಸೋರಿದರೆ ಮತ್ತೆ ತುಂಬಲು ಸಾಮಾನ್ಯವಾಗಿ ದಾರಿಯೇ ಇರುವುದಿಲ್ಲ. ಹಳೆಯವು ಬಳಸುತ್ತಿದ್ದ ಆರ್-22 ಅನಿಲದ ತಯಾರಿಕೆ, ಆಮದು ಎರಡೂ ಅಮೆರಿಕದಲ್ಲಿ 2020ರಿಂದ ನಿಂತಿವೆ. ಹಾಗಾಗಿ ರಿಪೇರಿಗಿಂತ ಬದಲಿಸುವುದೇ ಲೇಸು.

ಅದೃಷ್ಟಕ್ಕೆ, ಮಾಡಿನ ಕಿಂಡಿಯ ಅಳತೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಉದ್ದಗಲ 14 ಇಂಚು. ಗಾಳಿಗೆಂದು ಬಿಟ್ಟ ಕಿಂಡಿಗೂ ಅದೇ ಅಳತೆ. ಹೊಸ ಯಂತ್ರದ ಸಾಮರ್ಥ್ಯ ಬಹುಮಟ್ಟಿಗೆ 13,500 ಬಿಟಿಯು, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಟನ್‌ಗಿಂತ ತುಸು ಹೆಚ್ಚು. ತೂಕ 45 ಕಿಲೋ ಆಸುಪಾಸು. ಇಷ್ಟು ಭಾರ ದಶಕಗಟ್ಟಲೆ ಕೂತ ಕಡೆ ತೆಳು ತಗಡು ತಗ್ಗಾಗಿ ಮಳೆನೀರು ನಿಲ್ಲುತ್ತದೆ. ಹಳೆಯದನ್ನು ಇಳಿಸಿದೊಡನೆ ಬಲ್ಲವರು ಮೊದಲು ನೋಡುವುದು ಆ ತಗ್ಗನ್ನೇ. ಒಳಗಿನ ಪಕ್ಕೆಲುಬುಗಳಿಗೆ ಅಲ್ಯೂಮಿನಿಯಂ ಆಧಾರ ಕೊಟ್ಟು, ಸಡಿಲಾದ ರಿವೆಟ್‌ಗಳನ್ನು ತೆಗೆದು ಹೊಸದಾಗಿ ಹೊಡೆಯುತ್ತಾರೆ. ಅಲ್ಲಿ ಉಕ್ಕಿನ ಸ್ಕ್ರೂ ಬಳಸಬಾರದು. ಎರಡು ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ.

ಯಂತ್ರದ ಅಡಿಯಲ್ಲಿ ದಪ್ಪ ಸ್ಪಂಜಿನ ಗ್ಯಾಸ್ಕೆಟ್ ಇರುತ್ತದೆ. ಒಳಗಿನಿಂದ ನಾಲ್ಕು ಉದ್ದ ಬೋಲ್ಟ್‌ಗಳನ್ನು ಸುತ್ತಿ ಸುತ್ತಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿದು, ಗ್ಯಾಸ್ಕೆಟ್ ಅರ್ಧದಷ್ಟು ಅಮುಕುವವರೆಗೆ ತರಬೇಕು. ಸಡಿಲಾದರೆ ನೀರು ಇಳಿಯುತ್ತದೆ. ಅತಿಯಾದರೆ ಗ್ಯಾಸ್ಕೆಟ್ ನಜ್ಜಾಗಿ ಮಾಡೂ ಬಾಗುತ್ತದೆ. ಕೈ ಪಳಗಬೇಕಾದದ್ದು ಇಲ್ಲಿಯೇ.

ಏಸಿಯಿಂದ ತೊಟ್ಟಿಕ್ಕುವ ನೀರಿನದು ಇನ್ನೊಂದು ಕಥೆ. ಬಹುತೇಕ ಟ್ರೇಲರ್‌ಗಳಲ್ಲಿ ಅದು ಮಾಡಿನ ಮೇಲೆಯೇ ಹರಿದುಹೋಗುತ್ತದೆ. ಹಳೆಯ ಏರ್‌ಸ್ಟ್ರೀಮ್‌ಗಳಲ್ಲಿ ಎಷ್ಟೋ ಕಡೆ ಆ ನೀರು ತಟ್ಟೆಯೊಂದರಲ್ಲಿ ಸೇರಿ, ಗೋಡೆಯೊಳಗಿನ ಕೊಳವೆಯ ಮೂಲಕ ನೆಲದಡಿಗೆ ಇಳಿಯುತ್ತದೆ. ಹೊಳೆಯುವ ಮೈಮೇಲೆ ಕಲೆಗೆರೆ ಬೀಳುವುದಿಲ್ಲ. ಹೊಸ ಯಂತ್ರ ಕೊಳ್ಳುವಾಗ ಈ ಕೊಳವೆಗೆ ಜೋಡಣೆಯಾಗುತ್ತದೆಯೇ ಎಂದು ನೋಡದೆ, ಅಗ್ಗವೆಂದು ತಂದು ಕೂರಿಸುವುದು ಆ ಜಾಣ ವಿನ್ಯಾಸಕ್ಕೆ ಮಾಡುವ ಅನ್ಯಾಯವೇ ಸರಿ.

ವಿದ್ಯುತ್ತಿಗೆ ಪ್ರತ್ಯೇಕ ಬ್ರೇಕರ್ ಬೇಕು. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಎಳೆಯುವ ಕರೆಂಟ್ ಆಮೇಲಿನದರ ಹಲವು ಪಟ್ಟು. ಸಣ್ಣ ಜನರೇಟರಿನಲ್ಲಿ ನಡೆಸುವವರು ಅದಕ್ಕೆಂದೇ ‘ಸಾಫ್ಟ್ ಸ್ಟಾರ್ಟ್’ ಸಾಧನ ಜೋಡಿಸುತ್ತಾರೆ.

ಹಳೆಯ ಟ್ರೇಲರ್ ಕೊಳ್ಳುವ ಮನಸ್ಸಿದ್ದವರು ಏಸಿ ತಣ್ಣಗೆ ಬೀಸುತ್ತಿದೆಯೇ ಎಂದು ನೋಡುವ ಮೊದಲು ಮೂಲೆಗಳ ನೆಲ ಒತ್ತಿ ನೋಡಿ. ಮಾಡಿನಲ್ಲಿ ಸೋರಿದ ನೀರು ಗೋಡೆಯ ಒಳಹೊರಗಿನ ಎರಡು ತಗಡುಗಳ ನಡುವೆ ಕಣ್ಣಿಗೆ ಬೀಳದೆ ಇಳಿದು, ಪ್ಲೈವುಡ್ ನೆಲದ ಅಂಚನ್ನು ಕೊಳೆಸುತ್ತದೆ. ನೆಲ ಮೆತ್ತಗಿದ್ದರೆ ಹೊಸ ಏಸಿಯ ಮಾತು ಆಮೇಲೆ. ಮೊದಲು ಸೋರಿಕೆ ನಿಲ್ಲಿಸಿ, ನೆಲ ಸರಿಪಡಿಸಿ.