ಸೀಲಿಯಾಕ್ ರೋಗಿಯೂ ಹೋಟೆಲಿನ ಅಡಿಗೆಮನೆಯೂ

ಗೋಧಿಯ ಹಿಟ್ಟನ್ನು ನಾದಿ ಉಂಡೆಮಾಡಿ, ಆ ಉಂಡೆಯನ್ನು ನೀರಿನ ಧಾರೆಯ ಕೆಳಗೆ ಹಿಡಿದು ಮೆಲ್ಲಮೆಲ್ಲನೆ ಹಿಸುಕುತ್ತಿದ್ದರೆ, ಬಿಳಿಯ ಪಿಷ್ಟವೆಲ್ಲ ತೊಳೆದುಹೋಗಿ ಕೈಯಲ್ಲಿ ಅಂಟಂಟಾದ ಒಂದು ಮುದ್ದೆ ಉಳಿಯುವುದು. ಇದಕ್ಕೆ ಗ್ಲೂಟೆನ್ ಎಂದು ಹೆಸರು. ಚಪಾತಿಯು ಹರಿಯದೆ ಲಟ್ಟಣಿಗೆಗೆ ಬಗ್ಗುವುದೂ, ಹೋಳಿಗೆಯ ಕಣಕವು ಎಳೆದಷ್ಟೂ ಬರುವುದೂ, ಬ್ರೆಡ್ಡು ಉಬ್ಬುವುದೂ ಇದರ ಗುಣದಿಂದಲೇ. ಗೋಧಿಯಲ್ಲಿರುವಂತೆ ಬಾರ್ಲಿಯಲ್ಲಿಯೂ ರೈ ಎಂಬ ಧಾನ್ಯದಲ್ಲಿಯೂ ಇದೇ ಜಾತಿಯ ಸಸಾರಜನಕ ಪದಾರ್ಥಗಳುಂಟು. ಸಾಮಾನ್ಯರಿಗೆ ಇದರಿಂದ ಯಾವ ಕೆಡುಕೂ ಇಲ್ಲ. ಸೀಲಿಯಾಕ್ ರೋಗವುಳ್ಳವರಲ್ಲಿ ಮಾತ್ರ, ಶರೀರವು ತನ್ನ ರಕ್ಷಣೆಗೆಂದು ಇಟ್ಟುಕೊಂಡಿರುವ ಸೈನ್ಯವು ಗ್ಲೂಟೆನ್ನನ್ನು ಕಂಡೊಡನೆ ಎದ್ದು, ತನ್ನದೇ ಸಣ್ಣ ಕರುಳಿನ ಒಳಪೊರೆಯನ್ನು ಹಾಳುಗೆಡಹುವುದು.

ಆ ಒಳಪೊರೆಯ ಮೇಲೆ ಮಖಮಲ್ಲಿನ ಎಳೆಗಳಂತೆ ಒತ್ತೊತ್ತಾಗಿ ನಿಂತಿರುವ ಸೂಕ್ಷ್ಮವಾದ ಕುಚ್ಚುಗಳಿವೆ. ಅನ್ನರಸವನ್ನು ಹೀರಿ ರಕ್ತಕ್ಕೆ ಒಪ್ಪಿಸುವುದು ಇವುಗಳ ಕೆಲಸ. ಇವು ಸವೆದು ಬೋಳಾದ ಮೇಲೆ ಉಂಡ ಅನ್ನವು ಮೈಗೆ ಹತ್ತದು. ಎಳೆಯ ಮಕ್ಕಳಾದರೆ ಭೇದಿಯಿಂದ ಬಳಲಿ, ಹೊಟ್ಟೆ ಉಬ್ಬಿ, ಕೈಕಾಲು ಸೊರಗಿ, ಬೆಳವಣಿಗೆಯಿಲ್ಲದೆ ಉಳಿಯುವರು. ಆದರೆ ಎಲ್ಲರಲ್ಲಿಯೂ ಹೊಟ್ಟೆಯ ತೊಂದರೆಯೇ ಕಾಣಬೇಕೆಂಬ ನಿಯಮವಿಲ್ಲ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ವಾಸಿಯಾಗದ ರಕ್ತಹೀನತೆ, ತಡವಾಗಿ ಮೈನೆರೆಯುವುದು, ಮದುವೆಯಾದ ಮೇಲೆ ಗರ್ಭ ನಿಲ್ಲದಿರುವುದು, ಎಳೆಯ ಪ್ರಾಯದಲ್ಲಿಯೇ ಎಲುಬು ಬಲಗೆಡುವುದು, ಇವೂ ಅದರ ಚಿಹ್ನೆಗಳಾಗಿರಬಹುದು. ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯಕ್ಕೆ ಎಡೆಕೊಟ್ಟಿರುವುದು ಇದಕ್ಕಾಗಿಯೇ. “ಹುಡುಗಿ ನಾಜೂಕು,” “ಅವಳಿಗೆ ರಕ್ತ ಕಡಮೆ” ಎಂಬ ಎರಡು ಮಾತುಗಳ ಮರೆಯಲ್ಲಿ ನಮ್ಮ ಮನೆಗಳಲ್ಲಿ ಎಷ್ಟೋ ರೋಗಗಳು ಅಡಗಿ ಕುಳಿತಿರುತ್ತವೆ.

ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಈ ರೋಗವಿರುವುದೆಂದು ಎಣಿಕೆ. ನಮ್ಮ ದೇಶದ ಮೂರು ಭಾಗಗಳಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ಉತ್ತರದಲ್ಲಿ ನೂರಕ್ಕೆ ೧.೨೩ರಂತೆಯೂ ದಕ್ಷಿಣದಲ್ಲಿ ೦.೧೦ರಂತೆಯೂ ರೋಗಿಗಳು ಕಂಡುಬಂದರು. ರೋಗಕ್ಕೆ ಎಡೆಗೊಡುವ ಆನುವಂಶಿಕ ಗುಣವಾದರೋ ಎರಡು ಕಡೆಯಲ್ಲಿಯೂ ಹೆಚ್ಚುಕಡಮೆ ಮೂವರಲ್ಲಿ ಒಬ್ಬರಿಗೆ ಇದ್ದಿತು. ಭೇದವಿದ್ದುದು ತಟ್ಟೆಯಲ್ಲಿ, ಉತ್ತರದವರು ದಿನಕ್ಕೆ ಸರಾಸರಿ ೪೫೫ ಗ್ರಾಂ ಗೋಧಿಯನ್ನು ತಿನ್ನುತ್ತಿದ್ದರೆ ದಕ್ಷಿಣದವರು ೨೫ ಗ್ರಾಂ ಮಾತ್ರ ತಿನ್ನುತ್ತಿದ್ದರು. ಹೀಗಿರಲಾಗಿ, ನಮ್ಮ ಶಾಲೆಯಿಂದ ಹೊರಟು ದೆಹಲಿ, ಚಂಡೀಗಢ ಮೊದಲಾದ ಊರುಗಳಲ್ಲಿ ಸಂಸಾರ ಹೂಡಿದವರೂ, ಇಲ್ಲಿಯೇ ಇದ್ದು ರಾತ್ರಿಯ ಅನ್ನವನ್ನು ಬಿಟ್ಟು ಚಪಾತಿಗೆ ಒಗ್ಗಿಕೊಂಡವರೂ, ಇದು ಪರರಾಜ್ಯದ ವ್ಯಾಧಿಯೆಂದು ನೆನೆದು ಸುಮ್ಮನಿರುವಂತಿಲ್ಲ.

ಈ ರೋಗದ ಕಾರಣವು ಗೊತ್ತಾದ ಬಗೆ ಸ್ವಾರಸ್ಯವಾದುದು. ೧೮೮೮ರಲ್ಲಿ ಲಂಡನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಗೀ ಎಂಬವರು ರೋಗವನ್ನು ವರ್ಣಿಸಿ, ಇದಕ್ಕೆ ಚಿಕಿತ್ಸೆಯೆಂಬುದಿದ್ದರೆ ಅದು ಪಥ್ಯದಲ್ಲಿಯೇ ಇದೆಯೆಂದು ಹೇಳಿದ್ದರು. ಯಾವ ಪದಾರ್ಥ ಅಪಥ್ಯವೆಂಬುದು ಅವರಿಗೆ ತಿಳಿದಿರಲಿಲ್ಲ. ಹಾಲೆಂಡಿನ ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ವಿಲ್ಲೆಮ್ ಡಿಕೆ ಎಂಬ ವೈದ್ಯರಿಗೆ ಗೋಧಿಯ ಮೇಲೆ ಸಂಶಯವು ಯುದ್ಧಕ್ಕೆ ಮುಂಚೆಯೇ ಹುಟ್ಟಿದ್ದಿತು. ೧೯೪೪–೪೫ರ ಚಳಿಗಾಲದಲ್ಲಿ ಆ ದೇಶದಲ್ಲಿ ಘೋರವಾದ ಕ್ಷಾಮವುಂಟಾಗಿ ರೊಟ್ಟಿಯೆಂಬುದೇ ಅಪೂರ್ವವಾಯಿತು. ಎಲ್ಲ ಮಕ್ಕಳೂ ಸೊರಗುತ್ತಿರಲು ಈ ಮಕ್ಕಳ ಹೊಟ್ಟೆ ಮಾತ್ರ ಸುಧಾರಿಸಿತು. ೧೯೫೦ರಲ್ಲಿ ಅವರು ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧವು ಈ ವಿಷಯವನ್ನು ಸ್ಥಾಪಿಸಿತು. ಅದೇ ಯುದ್ಧದ ದಿನಗಳಲ್ಲಿ ನಮ್ಮಲ್ಲಿ ನಡೆದುದು ಇದಕ್ಕೆ ತಿರುಗುಮುರುಗಾಗಿದ್ದಿತು! ಬರ್ಮಾದ ಅಕ್ಕಿ ಬರುವುದು ನಿಂತುಹೋಗಿ, ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಅಕ್ಕಿಗೆ ಬದಲಾಗಿ ರವೆಯಿಂದ ಇಡ್ಲಿ ಮಾಡಿದರೆಂದೂ, ರವೆ ಇಡ್ಲಿಯು ಹುಟ್ಟಿದುದು ಹಾಗೆಂದೂ ಪ್ರತೀತಿಯಿದೆ. ಅಂದಿನಿಂದ ನಮ್ಮ ಹೋಟೆಲುಗಳಲ್ಲಿ ಇಡ್ಲಿಯೆಂದ ಮಾತ್ರಕ್ಕೆ ಅದು ಅಕ್ಕಿಯದೆಂದು ನಂಬುವ ಹಾಗಿಲ್ಲ.

ಈ ರೋಗಕ್ಕೆ ಇಂದಿಗೂ ಔಷಧಿಯಿಲ್ಲ. ಜೀವಮಾನವೆಲ್ಲ ಗ್ಲೂಟೆನ್ನನ್ನು ವರ್ಜಿಸಬೇಕು. ವರ್ಜಿಸಿದರೆ ಕರುಳು ಕ್ರಮವಾಗಿ ಚೇತರಿಸಿಕೊಳ್ಳುವುದು. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಬೇಳೆಕಾಳುಗಳೆಲ್ಲ ಸ್ವಭಾವತಃ ನಿರ್ದೋಷವಾದುವುಗಳಾದುದರಿಂದ ಮನೆಯ ಊಟದಲ್ಲಿ ಕನ್ನಡ ನಾಡಿನವರಿಗೆ ಇದು ಅಷ್ಟು ದುಸ್ಸಾಧ್ಯವಾದ ವ್ರತವಲ್ಲ. ಪುರಾತನ ತಳಿಯೆಂದು ಹೊಗಳಿಸಿಕೊಳ್ಳುವ ಖಪಲಿ ಗೋಧಿಯೂ ಗೋಧಿಯೇ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಕಷ್ಟವು ಆರಂಭವಾಗುವುದು ಹೊಸಿಲು ದಾಟಿ ಹೋಟೆಲಿಗೆ ಕಾಲಿಟ್ಟಾಗ.

ಎಷ್ಟು ಅಲ್ಪಾಂಶವು ಕೆಡುಕು ಮಾಡುವುದೆಂಬುದನ್ನು ಮೊದಲು ತಿಳಿಯಬೇಕು. ಇಟಲಿಯ ವೈದ್ಯರು ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ ೫೦ ಮಿಲಿಗ್ರಾಂ ಗ್ಲೂಟೆನ್ನನ್ನು ಮೂರು ತಿಂಗಳು ಸೇವಿಸಿದವರ ಕರುಳು ಕೆಟ್ಟಿದ್ದಿತು. ೧೦ ಮಿಲಿಗ್ರಾಮಿನೊಳಗಾದರೆ ಬಹುಮಂದಿಗೆ ಅಪಾಯವಿಲ್ಲವೆಂದು ವೈದ್ಯರ ಅಭಿಪ್ರಾಯ. ಒಂದು ಗ್ರಾಂ ಮೈದಾದಲ್ಲಿ ಸುಮಾರು ೮೦ ಮಿಲಿಗ್ರಾಂ ಗ್ಲೂಟೆನ್ ಇರುವುದೆಂದು ಲೆಕ್ಕ ಹಿಡಿದರೆ, ಚಹಾ ಚಮಚೆಯ ಇಪ್ಪತ್ತನೆಯ ಒಂದು ಪಾಲು ಹಿಟ್ಟು ಆ ಮೇರೆಯನ್ನು ದಾಟಿಬಿಡುವುದು. ಪೊಟ್ಟಣದ ಮೇಲೆ ‘ಗ್ಲೂಟೆನ್ ರಹಿತ’ ಎಂದು ಬರೆಯಬೇಕಾದರೆ ಕಿಲೋಗ್ರಾಮಿಗೆ ೨೦ ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂದು ನಮ್ಮ ದೇಶದಲ್ಲಿಯೂ ವಿಧಿಯಿದೆ. ಅಂದರೆ ಅಂತಹ ಆಹಾರವನ್ನು ಅರ್ಧ ಕಿಲೋ ತಿಂದರೂ ೧೦ ಮಿಲಿಗ್ರಾಂ ಮಾತ್ರ.

ಈಗ ಹೋಟೆಲಿನ ಅಡಿಗೆಮನೆಯನ್ನು ನೋಡೋಣ. ಅಲ್ಲಿ ಎರಡು ವಿಧದ ಅಪಾಯಗಳುಂಟು. ಪದಾರ್ಥದಲ್ಲಿಯೇ ಸೇರಿರುವ ಗೋಧಿಯು ಒಂದು. ಮದ್ದೂರು ವಡೆ, ಗೋಳಿಬಜೆ, ಉಪ್ಪಿಟ್ಟು, ಕೇಸರಿಬಾತು, ರವೆದೋಸೆ, ಇವು ಎಲ್ಲರಿಗೂ ತಿಳಿದಿರುವುವೇ. ಎರಡನೆಯದು ಸಂಸರ್ಗದಿಂದ ಬರುವ ಬೆರಕೆ. ಇದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು, ಬಡಿಸುವವನಿಗೂ ಗೊತ್ತಿರದು. ಶುದ್ಧವಾದ ಅಕ್ಕಿ ಉದ್ದಿನ ಹಿಟ್ಟಿನಿಂದ ಮಾಡಿದ ಸಾದಾ ದೋಸೆಯನ್ನು, ಆಗತಾನೆ ರವೆದೋಸೆಯನ್ನು ಎಬ್ಬಿದ ಕಾವಲಿಯ ಮೇಲೆ ಹುಯ್ದು, ಅದೇ ಮಗುಚುವ ಕೈಯಿಂದ ಕೆರೆದರೆ, ರವೆಯ ಕಣಗಳು ದೋಸೆಯ ಬೆನ್ನಿಗೆ ಅಂಟಿಕೊಂಡು ತಟ್ಟೆಗೆ ಬರುವುವು. ನಡುನಡುವೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದು ಇಲ್ಲಿ ತೊಳೆದಂತಾಗುವುದಿಲ್ಲ. ಕಾವಲಿಯ ಕಾವಿಗೆ ಎಲ್ಲ ಸುಟ್ಟುಹೋಗುವುದೆಂದು ಕೆಲವರು ಹೇಳುವರು. ಕ್ರಿಮಿಗಳು ಸಾಯುವುವು, ನಿಜ. ಗ್ಲೂಟೆನ್ ಕ್ರಿಮಿಯಲ್ಲವಾದುದರಿಂದ ಅಡಿಗೆಯ ಕಾವಿಗೆ ಸಾಯುವ ಪ್ರಶ್ನೆಯೇ ಇಲ್ಲ.

ಎಣ್ಣೆಯ ಬಾಣಲೆಯ ಮಾತೂ ಹೀಗೆಯೇ. ಕಡಲೆಬೇಳೆಯ ಅಂಬೊಡೆಯಲ್ಲಿ ದೋಷವಿಲ್ಲ. ಪೂರಿಯನ್ನೂ ಮೈದಾದಲ್ಲಿ ಅದ್ದಿದ ಹೂಕೋಸನ್ನೂ ಕರಿದ ಎಣ್ಣೆಯಲ್ಲಿ ಅದು ಮುಳುಗಿ ಎದ್ದರೆ ದೋಷವುಂಟು. ಇಡ್ಲಿಯ ಪಾತ್ರೆಯಲ್ಲಿ ಮೇಲಿನ ತಟ್ಟೆಯಲ್ಲಿ ರವೆ ಇಡ್ಲಿಯಿದ್ದರೆ ಅದರ ಹನಿ ಕೆಳಗಿನದರ ಮೇಲೆ ಬೀಳಬಹುದು. ಚಪಾತಿ ಲಟ್ಟಿಸುವ ಮೂಲೆಯಲ್ಲಿ ಹಿಟ್ಟು ಹಾರಿ ಹತ್ತಿರ ತೆರೆದಿಟ್ಟ ಪಲ್ಯದ ಮೇಲೆ ಕೂರುವುದು. ಸಾಗಿಗೆ ಗಟ್ಟಿಯಾಗಲೆಂದು ಮೈದಾ ಕದಡಿ ಹಾಕಿದ ಸೌಟು ಸಾರಿನ ಕೊಳಗಕ್ಕೂ ಇಳಿಯುವುದು. ಇವೆಲ್ಲಕ್ಕಿಂತ ಗುಪ್ತವಾದುದು ಇಂಗು. ಅಂಗಡಿಯಲ್ಲಿ ಸಿಕ್ಕುವ ಇಂಗು ಕೇವಲ ಇಂಗಲ್ಲ. ಗೋಂದನ್ನೂ ಯಾವುದಾದರೊಂದು ಹಿಟ್ಟನ್ನೂ ಬೆರೆಸಿದ ಕೂಟ. ಆ ಹಿಟ್ಟು ಅನೇಕ ವೇಳೆ ಗೋಧಿಯದಾಗಿರುವುದು. ಅಂತಹ ಇಂಗಿನಿಂದ ಒಗ್ಗರಣೆಗೊಂಡ ಸಾರು, ಹುಳಿ, ಪುಳಿಯೋಗರೆ, ಮೊಸರನ್ನಗಳನ್ನು ‘ಬರಿಯ ಅನ್ನದ ಪದಾರ್ಥ’ವೆಂದು ನಂಬಿ ತಿನ್ನುವವರು ಬಹಳ.

ಹಾಗೆಂದು ಗಾಳಿಗೂ ಅಂಜಬೇಕಾಗಿಲ್ಲ. ಅಮೆರಿಕದಲ್ಲಿ ನಡೆದ ಒಂದು ಸಣ್ಣ ಪರೀಕ್ಷೆಯಲ್ಲಿ, ಗೋಧಿಯ ಶ್ಯಾವಿಗೆಯಂತಹ ಪಾಸ್ತವನ್ನು ಬೇಯಿಸಿದ ನೀರಿನಲ್ಲಿಯೇ ಗ್ಲೂಟೆನ್ ರಹಿತ ಪಾಸ್ತವನ್ನು ಬೇಯಿಸಿದರೆ ಅದು ಮೇರೆ ಮೀರಿ ಕಲುಷಿತವಾಗುವುದೆಂದು ಕಂಡುಬಂದಿತು. ಬ್ರೆಡ್ಡು ಸುಡುವ ಯಂತ್ರವನ್ನು ಹಂಚಿಕೊಂಡುದರಿಂದ ಅಷ್ಟು ದೋಷ ಕಾಣಲಿಲ್ಲ. ಸಾಬೂನು ನೀರಿನಿಂದ ಚೆನ್ನಾಗಿ ತೊಳೆದ ಉಕ್ಕಿನ ಪಾತ್ರೆಯನ್ನು ಉಪಯೋಗಿಸಲು ಅಡ್ಡಿಯಿಲ್ಲ. ಅದೇ ದೇಶದಲ್ಲಿ ರೋಗಿಗಳು ಕೈಯಲ್ಲಿ ಹಿಡಿಯುವ ಒಂದು ಯಂತ್ರದಿಂದ ಹೋಟೆಲಿನ ಆಹಾರವನ್ನು ತಾವೇ ಪರೀಕ್ಷಿಸಿದ ಲೆಕ್ಕವು ೨೦೧೯ರಲ್ಲಿ ಪ್ರಕಟವಾಯಿತು. ಗ್ಲೂಟೆನ್ ರಹಿತವೆಂದು ಮಾರಿದ ತಿಂಡಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಿ ಗ್ಲೂಟೆನ್ ತೋರಿತು. ಯಂತ್ರವು ಅತಿಸೂಕ್ಷ್ಮವಾದುದರಿಂದಲೂ, ಸಂಶಯಪಟ್ಟ ತಿಂಡಿಯನ್ನೇ ಜನರು ಪರೀಕ್ಷಿಸುವುದು ಸಹಜವಾದುದರಿಂದಲೂ ಆ ಲೆಕ್ಕವನ್ನು ಸ್ವಲ್ಪ ತಗ್ಗಿಸಿ ಓದುವುದು ನ್ಯಾಯ. ಅರ್ಧಕ್ಕೆ ಇಳಿಸಿದರೂ ಅದು ಅಲ್ಪವಲ್ಲ.

ಹೋಟೆಲಿನವರನ್ನು ಕೇಳುವ ಕ್ರಮವೊಂದುಂಟು. ‘ಗ್ಲೂಟೆನ್ ಇದೆಯೇ’ ಎಂದು ಮಾಣಿಯನ್ನು ಕೇಳಿ ಪ್ರಯೋಜನವಿಲ್ಲ; ಅವನು ವಿನಯದಿಂದ ‘ಇಲ್ಲ’ ಎಂದುಬಿಡುವನು. ‘ರವೆ ಹಾಕುತ್ತೀರಾ’ ಎಂದರೂ ಗೊಂದಲವೇ. ಇಡ್ಲಿ ರವೆಯೆಂಬುದು ಅಕ್ಕಿಯ ತರಿ, ಬರಿಯ ರವೆಯೆಂದರೆ ಗೋಧಿಯದು. ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗಿ, ಅಡಿಗೆಯ ಭಟ್ಟರನ್ನೇ ಕಂಡು, “ಭಟ್ಟರೇ, ಈ ಹುಡುಗಿಗೆ ಗೋಧಿ, ಮೈದಾ, ಗೋಧಿರವೆ ಚೂರು ಬಿದ್ದರೂ ಕರುಳು ಕೆಡುತ್ತದೆ. ದೋಸೆಹಿಟ್ಟಿಗೆ ಗರಿಗರಿಯಾಗಲೆಂದು ಏನಾದರೂ ಸೇರಿಸಿದ್ದೀರಾ? ತೊಳೆದ ಬೇರೆ ಕಾವಲಿಯಲ್ಲಿ ಹುಯ್ದು ಕೊಡಲಾಗುವುದೇ?” ಎಂದು ಬಿಡಿಸಿ ಕೇಳಬೇಕು. ಆಗದೆಂದು ನೇರವಾಗಿ ಹೇಳುವ ಭಟ್ಟರು, ಎಲ್ಲಕ್ಕೂ ಹೂಂಗುಟ್ಟುವವರಿಗಿಂತ ನಮಗೆ ದೊಡ್ಡ ಉಪಕಾರಿಗಳು. ಈ ಮಾತನ್ನು ತಿಳಿಯಹೇಳಲು ನಮ್ಮ ಭಾಷೆಯಲ್ಲಿಯೇ ಒಂದು ಒಳ್ಳೆಯ ಪದವಿದೆ: ಮುಸುರೆ. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿಯ ಭರಣಿಯನ್ನು ಮುಟ್ಟಬಾರದೆಂದು ಅಜ್ಜಿಯರು ಗದರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಈ ರೋಗಿಗೆ ಗೋಧಿಯೆಲ್ಲವೂ ಮುಸುರೆ ಎಂದರೆ ಹಳೆಯ ಕಾಲದ ಅಡಿಗೆಯವರಿಗೆ ತಟ್ಟನೆ ಅರ್ಥವಾಗುವುದು. ಇಲ್ಲಿ ವಿಚಾರ ಹಿಟ್ಟಿನದೇ ಹೊರತು ಹಿಟ್ಟು ಮುಟ್ಟಿದವರ ಕುಲದ್ದಲ್ಲವೆಂಬುದನ್ನು ನಮ್ಮ ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಏನೂ ನಿಶ್ಚಯವಾಗದ ಸ್ಥಳದಲ್ಲಿ ಒಗ್ಗರಣೆಯಿಲ್ಲದ ಬಿಳಿ ಅನ್ನ, ಗಟ್ಟಿ ಮೊಸರು, ಸುಲಿಯುವ ಹಣ್ಣು, ಎಳನೀರು, ಇವು ಕೈಬಿಡುವುದಿಲ್ಲ. ಜೊತೆಯಲ್ಲಿ ಮನೆಯ ಚಟ್ನಿಪುಡಿಯ ಡಬ್ಬಿಯಿದ್ದರೆ ಪ್ರಯಾಣವು ಸುಖವಾಗಿ ಸಾಗುವುದು. ಉತ್ತರದ ಪ್ರಾಂತಗಳಲ್ಲಿ ಒಲೆಯ ಸುತ್ತೆಲ್ಲ ಗೋಧಿಯೇ ಆದುದರಿಂದ ಅಲ್ಲಿ ಈ ಡಬ್ಬಿಯು ಇನ್ನೂ ಅವಶ್ಯಕ.

ಹೋಟೆಲಿಗಿಂತಲೂ ಕಠಿನವಾದುದು ಮದುವೆಯ ಮನೆ. ಅಲ್ಲಿ ಉಪಚಾರವೇ ಶತ್ರು. “ಒಂದು ಚೂರು ಹೋಳಿಗೆ ತಿಂದರೆ ಏನಾಗುತ್ತದೆ, ಮಗಳೇ?” ಎಂದು ಅತ್ತೆಯೂ ಚಿಕ್ಕಮ್ಮನೂ ಎಲೆಗೆ ಹಾಕಿಬಿಡುವರು. ಹೊಸದಾಗಿ ಮದುವೆಯಾದ ಹುಡುಗಿಯು ಬೇಡವೆನ್ನಲಾರಳು. ತಿಂದ ರಾತ್ರಿ ಏನೂ ಆಗದಿದ್ದರೆ “ನೋಡು, ಎಲ್ಲ ನಿನ್ನ ಭ್ರಮೆ” ಎಂಬ ಮಾತನ್ನೂ ಕೇಳಬೇಕಾಗುವುದು. ನೋವಿಲ್ಲದಿದ್ದರೂ ಒಳಗೆ ಹಾನಿಯಾಗುತ್ತಿರಬಹುದೆಂಬುದು ಈ ರೋಗದ ಲಕ್ಷಣ. ಆದಕಾರಣ ಸಂಬಂಧ ನಿಶ್ಚಯಿಸುವಾಗಲೇ ತಂದೆತಾಯಿಗಳು ಇದನ್ನು ಮುಚ್ಚಿಡದೆ ತಿಳಿಸಿಬಿಡುವುದು ಉಚಿತವೆಂದು ನಮ್ಮ ಅಭಿಪ್ರಾಯ. ಮುಚ್ಚಿಟ್ಟರೆ ಆ ಹುಡುಗಿಯು ದಿನಕ್ಕೆರಡು ಬಾರಿ ಊಟದ ಎಲೆಯ ಮುಂದೆ ಸುಳ್ಳಾಡಬೇಕಾಗುವುದು. ಮದುವೆಯ ಮನೆಯಲ್ಲಿ ಆಕೆಯ ಪಾಲಿನ ಅನ್ನ, ತೊವ್ವೆ, ಪಾಯಸಗಳನ್ನು ಬೇರೆ ಪಾತ್ರೆಗಳಲ್ಲಿ ಮೊದಲೇ ತೆಗೆದಿಟ್ಟು, ಬೇರೆ ಸೌಟಿನಿಂದ ಬಡಿಸಿದರೆ ಮುಗಿಯಿತು. ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು ಉಣ್ಣುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಅರಿಯದೆ ಗೋಧಿಯು ಹೊಟ್ಟೆಗೆ ಹೋದರೆ ಅದನ್ನು ಹಿಂದಕ್ಕೆ ತೆಗೆಯುವ ಉಪಾಯವಿಲ್ಲ. ಅಂಗಡಿಗಳಲ್ಲಿ ಮಾರುವ ಪಾಚಕ ಗುಳಿಗೆಗಳನ್ನು ನುಂಗಿ ಧೈರ್ಯವಾಗಿ ಪೂರಿ ತಿನ್ನಬಹುದೆಂದು ನಂಬತಕ್ಕದ್ದಲ್ಲ. ನೀರು ಹೆಚ್ಚಾಗಿ ಕುಡಿದು, ಹಗುರವಾದ ಪಥ್ಯದಲ್ಲಿದ್ದು, ಎಲ್ಲಿ ಏನು ತಿಂದುದೆಂಬುದನ್ನು ಬರೆದಿಟ್ಟುಕೊಂಡರೆ ಮುಂದಿನ ಬಾರಿಗೆ ಆ ಸ್ಥಳವನ್ನು ತಪ್ಪಿಸಬಹುದು. ಒಂದು ಸಾರಿಯ ಬೆರಕೆಯಿಂದ ವರ್ಷಗಳ ಪಥ್ಯವೆಲ್ಲ ವ್ಯರ್ಥವಾಯಿತೆಂದು ಎದೆಗೆಡಬೇಕಾದುದಿಲ್ಲ. ಮತ್ತೆ ಮತ್ತೆ ಆಗುವುದು ಹಾನಿಕರ. ವೈದ್ಯರು ಆಗಾಗ ಮಾಡಿಸುವ ರಕ್ತಪರೀಕ್ಷೆಯಿಂದ ಇದು ಸ್ವಲ್ಪ ಮಟ್ಟಿಗೆ ಬಯಲಾಗುವುದು.

ಇದನ್ನು ಓದಿ ತಮ್ಮ ಮಗಳಿಗೂ ಇದೇ ಇರಬಹುದೆಂದು ಶಂಕೆಪಡುವ ತಾಯಂದಿರಲ್ಲಿ ಒಂದು ವಿಜ್ಞಾಪನೆಯುಂಟು. ಪರೀಕ್ಷೆಗೆ ಮುಂಚೆಯೇ ಗೋಧಿಯನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ರಕ್ತದಲ್ಲಿಯೂ ಕರುಳಿನಲ್ಲಿಯೂ ರೋಗದ ಗುರುತುಗಳು ಮಾಸಿಹೋಗಿ ವೈದ್ಯರಿಗೆ ನಿರ್ಣಯ ಮಾಡಲಾಗದು. ಎಂದಿನಂತೆ ಉಣ್ಣುತ್ತಿರುವಾಗಲೇ ರಕ್ತಪರೀಕ್ಷೆಯನ್ನೂ, ಅವಶ್ಯಬಿದ್ದರೆ ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆಯನ್ನೂ ಮಾಡಿಸಬೇಕು. ಮನೆಯಲ್ಲಿ ಒಬ್ಬರಿಗೆ ರೋಗವಿರುವುದು ಸ್ಥಿರಪಟ್ಟಿದ್ದರೆ ಒಡಹುಟ್ಟಿದವರಿಗೂ ತಂದೆತಾಯಿಗಳಿಗೂ ಇರುವ ಸಂಭವವು ಇತರರಿಗಿಂತ ಬಹಳ ಹೆಚ್ಚು. ಹುಡುಗಿಯರು ದೂರದ ಊರಿನ ಹಾಸ್ಟೆಲುಗಳಿಗೆ ಹೊರಡುವ ಮುಂಚೆ ಅವರ ಪರೀಕ್ಷೆಯನ್ನೂ ಮುಗಿಸಿಬಿಡುವುದು ಒಳ್ಳೆಯದು.