ಎಸೆರೆ ಬಳ್ಳಿ: ದಿವ್ಯದ ವಿಷ, ವೈದ್ಯರ ಮದ್ದು

ಪಶ್ಚಿಮ ಆಫ್ರಿಕದಲ್ಲಿ ಗಿನಿ ಕೊಲ್ಲಿಗೆ ಹೊಂದಿಕೊಂಡಿರುವ ನಾಡುಗಳಲ್ಲಿ, ವಿಶೇಷವಾಗಿ ಇಂದಿನ ನೈಜೀರಿಯದ ಆಗ್ನೇಯ ಭಾಗದ ಕಲಬಾರ್ ಪ್ರಾಂತದಲ್ಲಿ, ನದೀತೀರದ ಜೌಗುನೆಲದಲ್ಲಿ ಹುಟ್ಟಿ ಹೆಮ್ಮರಗಳನ್ನು ಅಡರುವ ಬಳ್ಳಿಯೊಂದುಂಟು. ಅಲ್ಲಿಯ ಎಫಿಕ್ ಜನರು ಅದರ ಬೀಜವನ್ನು ‘ಎಸೆರೆ’ ಎಂದು ಕರೆಯುವರು. ಯೂರೋಪಿನವರು ಅದಕ್ಕೆ ಕಲಬಾರ್ ಬೀಜವೆಂದು ಹೆಸರಿಟ್ಟರು. ಸಸ್ಯಶಾಸ್ತ್ರದಲ್ಲಿ ಈ ಬಳ್ಳಿಯ ನಾಮ ಫೈಸೊಸ್ಟಿಗ್ಮ ವೆನೆನೋಸಮ್ ಎಂಬುದು. ಈ ಬೀಜವು ಒಂದು ಕಾಲದಲ್ಲಿ ನ್ಯಾಯಾಧಿಪತಿಯ ಪೀಠವನ್ನೇರಿ ಅನೇಕರ ಪ್ರಾಣಗಳನ್ನು ತೆಗೆಯಿತು. ತರುವಾಯ ವೈದ್ಯಶಾಲೆಯನ್ನು ಹೊಕ್ಕು ಅನೇಕರ ಕಣ್ಣುಗಳನ್ನೂ ಪ್ರಾಣಗಳನ್ನೂ ಉಳಿಸಿತು. ಎರಡೆಡೆಗಳಲ್ಲಿಯೂ ದೇಹದೊಳಗೆ ಅದು ನಡೆಸಿದ ಕಾರ್ಯ ಒಂದೇ. ಹಾಗಿರುವಲ್ಲಿ ಫಲದಲ್ಲಿ ಇಷ್ಟು ಭೇದವು ಹೇಗೆ ಉಂಟಾಯಿತೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಬಳ್ಳಿಯ ಸ್ವರೂಪವೂ ಬೆಳೆಯುವ ಕ್ರಮವೂ

ನಮ್ಮ ಅವರೆ, ಅಲಸಂದೆ, ತೊಗರಿಗಳು ಯಾವ ಕುಲಕ್ಕೆ ಸೇರಿರುವುವೋ ಆ ಕುಲಕ್ಕೇ ಈ ಬಳ್ಳಿಯೂ ಸೇರಿದುದು. ಇದು ಹಲವು ವರ್ಷ ಬಾಳತಕ್ಕದ್ದು. ಬುಡವು ಮರದಂತೆ ಗಟ್ಟಿಯಾಗಿ ಒಂದೆರಡು ಅಂಗುಲ ದಪ್ಪಕ್ಕೆ ಬೆಳೆಯುವುದು. ಬಳ್ಳಿಯು ಆಸರೆ ದೊರೆತಲ್ಲಿ ೫೦ ಅಡಿಗಳವರೆಗೂ ಏರಬಲ್ಲುದು. ಎಲೆಯು ಅವರೆಯ ಎಲೆಯಂತೆ ಮೂರು ದಳಗಳಾಗಿ ಒಡೆದಿರುತ್ತದೆ. ಹೂಗಳು ಸುಮಾರು ಒಂದಂಗುಲ ಅಳತೆಯವು. ನಸುಗೆಂಪು ಬಣ್ಣದ ಮೇಲೆ ನೇರಳೆಯ ಗೆರೆಗಳುಳ್ಳವಾಗಿ, ಜೋಲುವ ಗೊಂಚಲುಗಳಲ್ಲಿ ಅರಳುವುವು. ಹೂವಿನ ಶಲಾಕಾಗ್ರದಲ್ಲಿ ಕೊಕ್ಕಿನಂತೆ ಚಾಚಿದ ಒಂದು ಮುಸುಕು ಇರುವುದು. ಅದು ಒಳಗೆ ಪೊಳ್ಳಾಗಿರುವುದೆಂದು ಭಾವಿಸಿ, ಗ್ರೀಕ್ ಭಾಷೆಯಲ್ಲಿ ಗಾಳಿಚೀಲಕ್ಕಿರುವ ಪದವನ್ನು ಸೇರಿಸಿ ಈ ಬಳ್ಳಿಗೆ ಹೆಸರು ಕಟ್ಟಿದರು. ವಾಸ್ತವವಾಗಿ ಆ ಮುಸುಕು ಪೊಳ್ಳಲ್ಲ, ಗಟ್ಟಿ. ಆದರೆ ಹೆಸರು ನಿಂತುಹೋಗಿದೆ.

ಕಾಯಿಯು ಆರೇಳು ಅಂಗುಲ ಉದ್ದವಿದ್ದು ಒಳಗೆ ಎರಡು ಮೂರು ಬೀಜಗಳಿರುವುವು. ಬೀಜವು ಅಂಗುಲಕ್ಕಿಂತ ತುಸು ಹೆಚ್ಚು ಉದ್ದ, ಮೂತ್ರಪಿಂಡದ ಆಕಾರ, ಕಡುಗಂದು ಬಣ್ಣ, ಗಡುಸಾದ ಸಿಪ್ಪೆ. ಅದರ ಬಾಗಿದ ಅಂಚಿನುದ್ದಕ್ಕೂ ಒಂದು ತೋಡು ಹರಿದಿರುವುದು. ವ್ಯಾಪಾರದಲ್ಲಿ ಇದಕ್ಕೆ ನಸುಗುನ್ನಿಯ ಜಾತಿಯ ಬೇರೆ ಬೀಜಗಳನ್ನು ಬೆರಸುವುದುಂಟಾದುದರಿಂದ ಪರೀಕ್ಷಕರು ಈ ತೋಡನ್ನು ಮುಖ್ಯ ಗುರುತಾಗಿ ಎಣಿಸುವರು. ಬೀಜಕ್ಕೆ ಹೇಳಿಕೊಳ್ಳುವಂಥ ರುಚಿಯಾಗಲಿ ವಾಸನೆಯಾಗಲಿ ಇಲ್ಲ. ಅನೇಕ ವಿಷಗಳು ತಮ್ಮ ಕಹಿಯಿಂದಲೇ ತಿನ್ನುವವನನ್ನು ಎಚ್ಚರಿಸುವುವು. ಇದು ಎಚ್ಚರಿಕೆಯಿಲ್ಲದೆ ಗಂಟಲಿನಿಂದಿಳಿಯತಕ್ಕ ವಿಷ.

ಇದನ್ನು ಬೆಳಸಬೇಕಾದಲ್ಲಿ ಮುಖ್ಯವಾಗಿ ಬೇಕಾದುವು ಮೂರು: ಎಡೆಬಿಡದ ಸೆಕೆ, ನೀರಿನ ಪಸೆ ಆರದ ನೆಲ, ಭಾರವನ್ನು ತಾಳುವ ಆಸರೆ. ಸಸಿಗಳನ್ನು ಬೀಜದಿಂದಲೇ ಎಬ್ಬಿಸುವುದು ವಾಡಿಕೆ. ಗಟ್ಟಿ ಸಿಪ್ಪೆಯುಳ್ಳ ಇತರ ದ್ವಿದಳಬೀಜಗಳಂತೆ ಇದನ್ನೂ ಒಂದು ಕಡೆ ಉಜ್ಜಿ, ನೀರಿನಲ್ಲಿ ನೆನೆಯಿಟ್ಟು ಬಿತ್ತಿದರೆ ಮೊಳಕೆ ಬೇಗ ಒಡೆಯುವುದು. ಶೀತದೇಶಗಳಲ್ಲಿ ಕಾಯಿಸಿದ ಗಾಜಿನ ಮನೆಗಳೊಳಗಲ್ಲದೆ ಇದು ಬದುಕದು. ಹೂವಿನ ಅಂದಕ್ಕೆ ಮರುಳಾಗಿ ಮನೆಯ ಚಪ್ಪರಕ್ಕೆ ಹಬ್ಬಿಸತಕ್ಕ ಬಳ್ಳಿಯಂತೂ ಇದಲ್ಲ. ಮಕ್ಕಳ ಕೈಗೆ ಸಿಕ್ಕಿದರೆ ಒಂದು ಬೀಜವೂ ಅಪಾಯಕರವೇ ಸರಿ.

೨. ಎಸೆರೆಯ ದಿವ್ಯ

ಕಲಬಾರಿನಲ್ಲಿ ರೋಗವಾಗಲಿ ಮರಣವಾಗಲಿ ಅಕಾರಣವಾಗಿ ಬರುವುದಿಲ್ಲವೆಂಬ ನಂಬಿಕೆಯಿದ್ದಿತು. ದೊಡ್ಡವರು ಮೃತರಾದರೆ ಯಾರೋ ಮಾಟಮಾಡಿರಬೇಕೆಂದು ಶಂಕಿಸಿ, ಅವರ ಹೆಂಡಿರನ್ನೂ ಗುಲಾಮರನ್ನೂ ಎಸೆರೆಯ ಪರೀಕ್ಷೆಗೆ ಗುರಿಪಡಿಸುತ್ತಿದ್ದರು. ಬೀಜಗಳನ್ನು ಅರೆದು ನೀರಿನಲ್ಲಿ ಕದಡಿ ಕುಡಿಸುವುದು ಕ್ರಮ. ವಾಂತಿಯಾಗಿ ಬದುಕಿದವನು ನಿರ್ದೋಷಿ, ಸತ್ತವನು ಅಪರಾಧಿ. ಇಬ್ಬರಿಗೆ ವ್ಯಾಜ್ಯವಾದರೆ ಒಂದು ಬೀಜವನ್ನು ಎರಡು ಹೋಳಾಗಿಸಿ ಇಬ್ಬರೂ ತಿನ್ನುತ್ತಿದ್ದುದೂ, ಕೆಲವೊಮ್ಮೆ ಇಬ್ಬರೂ ಸಾಯುತ್ತಿದ್ದುದೂ ಉಂಟು. ಈ ಬಳ್ಳಿಯು ಸಾಮಾನ್ಯರ ಕೈಗೆ ಸಿಕ್ಕದಂತೆ, ನ್ಯಾಯಸ್ಥಾನದ ಉಪಯೋಗಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕುದನ್ನು ಕೀಳಿಸಬೇಕೆಂದು ಅರಸರ ಅಪ್ಪಣೆಯಿದ್ದಿತೆಂದು ಆ ಕಾಲದ ವೈದ್ಯರು ಬರೆದಿರುವರು. ೧೮೪೬ರಲ್ಲಿ ಸ್ಕಾಟ್ಲೆಂಡಿನ ಪಾದ್ರಿಗಳು ಅಲ್ಲಿ ನೆಲೆಸಿದ ಮೇಲೆ ಈ ಪದ್ಧತಿಯ ವಿವರಗಳು ಹೆಚ್ಚಾಗಿ ಹೊರಬಂದುವು.

ನಿರ್ದೋಷಿಯು ಬದುಕುವುದಕ್ಕೆ ಒಂದು ಕಾರಣವನ್ನು ಹೇಳುವುದುಂಟು. ತಾನು ತಪ್ಪಿಲ್ಲದವನೆಂದು ನಂಬಿದವನು ಪಾತ್ರೆಯನ್ನೆತ್ತಿ ಒಂದೇ ಗುಕ್ಕಿಗೆ ಕುಡಿದುಬಿಡುವನು; ಹೊಟ್ಟೆಯು ಒಮ್ಮೆಗೇ ಕೆರಳಿ ವಿಷವನ್ನು ಹೊರಕ್ಕೆ ದೂಡುವುದು. ತಪ್ಪುಮಾಡಿದವನು ಅಳುಕುತ್ತ ಗುಟುಕು ಗುಟುಕಾಗಿ ಕುಡಿಯುವನು; ವಿಷವು ಮೆಲ್ಲನೆ ರಕ್ತಕ್ಕೆ ಸೇರುವುದು. ಈ ವಿವರಣೆಯು ಜಾಣತನದ್ದೇ. ಆದರೆ ತಪ್ಪಿಲ್ಲದೆಯೂ ಹೆದರಿದ ಹೆಂಗಸಿನ ಗತಿಯೇನು? ತಪ್ಪುಮಾಡಿಯೂ ಎದೆಗಾರನಾದವನ ಗತಿಯೇನು? ಈ ಪರೀಕ್ಷೆಯು ಧೈರ್ಯವನ್ನು ಅಳೆಯಿತೆಂದು ಬೇಕಾದರೆ ಹೇಳಬಹುದು; ಸತ್ಯವನ್ನು ಅಳೆಯಿತೆಂದು ಹೇಳಲಾಗದು.

೩. ನಮ್ಮ ಸ್ಮೃತಿಗಳ ವಿಷದಿವ್ಯ

ಇದನ್ನು ದೂರದೇಶದ ವಿಚಿತ್ರವೆಂದು ತಳ್ಳಿಹಾಕುವಂತಿಲ್ಲ. ಯಾಜ್ಞವಲ್ಕ್ಯಸ್ಮೃತಿಯು ತುಲಾ, ಅಗ್ನಿ, ಜಲ, ವಿಷ, ಕೋಶ ಎಂದು ಐದು ದಿವ್ಯಗಳನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕನ್ನಡನಾಡಿನಲ್ಲಿಯೇ ಇದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಇವುಗಳಿಗೆ ವಿಸ್ತಾರವಾದ ವ್ಯಾಖ್ಯಾನವನ್ನು ರಚಿಸಿದನು. ವಿಷದಿವ್ಯದಲ್ಲಿ ಹಿಮಾಲಯದಲ್ಲಿ ಹುಟ್ಟುವ ಶಾರ್ಙ್ಗವೆಂಬ ವಿಷವನ್ನು ಅಭಿಮಂತ್ರಿಸಿ ತಿನ್ನಿಸಬೇಕು. ವಿಷವೇಗಗಳು ತೋರದೆ ಅದು ಜೀರ್ಣವಾದರೆ ಅವನು ಶುದ್ಧನೆಂದು ನಿರ್ಣಯ. ಸ್ತ್ರೀಯರಿಗೂ ಬಾಲವೃದ್ಧರಿಗೂ ರೋಗಿಗಳಿಗೂ ಬ್ರಾಹ್ಮಣರಿಗೂ ಪ್ರಾಣಭಯವಿಲ್ಲದ ತುಲೆಯನ್ನು ವಿಧಿಸಿ, ಶೂದ್ರನಿಗೆ ಏಳು ಯವೆಗಳಷ್ಟು ವಿಷವನ್ನು ಹೇಳಿರುವುದನ್ನೂ ವಾಚಕರು ಗಮನಿಸಬೇಕು. ಕಲಬಾರಿನಲ್ಲಿಯೂ ವಿಷದ ಪಾತ್ರೆಯು ಹೆಚ್ಚಾಗಿ ದುರ್ಬಲರ ಬಾಯಿಗೇ ಬಂದಿತೆಂಬುದನ್ನು ಮೇಲೆ ಕಂಡೆವು.

ಈ ಎರಡು ಪದ್ಧತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವುದು. ಕಲಬಾರಿನಲ್ಲಿ ವಿಷವನ್ನು ಹೊರಗೆ ಕಕ್ಕಿದವನು ಶುದ್ಧ. ಸ್ಮೃತಿಯ ಪ್ರಕಾರ ವಿಷವನ್ನು ಒಳಗೆ ಅರಗಿಸಿಕೊಂಡವನು ಶುದ್ಧ. ಒಂದು ಕಡೆ ಬಿಡುಗಡೆಯ ಗುರುತಾದುದು ಇನ್ನೊಂದು ಕಡೆ ಗುರುತೇ ಅಲ್ಲ. ವಿಷಕ್ಕೆ ಸಾಕ್ಷಿಹೇಳುವ ಶಕ್ತಿಯಿದ್ದಲ್ಲಿ ಅದರ ಮಾತು ದೇಶಕ್ಕೊಂದು ರೀತಿಯಾಗುತ್ತಿರಲಿಲ್ಲ. ಮಾತನಾಡಿದುದು ವಿಷವಲ್ಲ, ಅದರ ಸುತ್ತ ಕುಳಿತ ಜನರು.

೪. ಅಳತೆಯ ಆರಂಭ

ಎಸೆರೆಯ ಬೀಜವು ಎಡಿನ್‌ಬರೋ ನಗರವನ್ನು ಸೇರಿದಾಗ ಅಲ್ಲಿಯ ವಿಷಶಾಸ್ತ್ರಜ್ಞನಾದ ರಾಬರ್ಟ್ ಕ್ರಿಸ್ಟಿಸನ್ ಎಂಬವನು ೧೮೫೫ರಲ್ಲಿ ಅದನ್ನು ತನ್ನ ಮೇಲೆಯೇ ಪರೀಕ್ಷಿಸಿದನು. ರಾತ್ರಿ ಬೀಜದ ಎಂಟನೆಯ ಒಂದು ಪಾಲನ್ನು ತಿಂದನು; ಹೆಚ್ಚೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅದರ ಇಮ್ಮಡಿಯನ್ನು ತಿಂದನು. ಸ್ವಲ್ಪ ಹೊತ್ತಿನಲ್ಲಿಯೇ ತಲೆ ತಿರುಗಿ ಕೈಕಾಲು ಸೋತುಬರಲು, ಕ್ಷೌರಕ್ಕೆಂದು ಇಟ್ಟಿದ್ದ ಸಾಬೂನಿನ ನೀರನ್ನೇ ಕುಡಿದು ವಾಂತಿಮಾಡಿಕೊಂಡು ಬದುಕಿದನು. ನಾಡಿಯು ಕ್ಷೀಣವಾಗಿ ತಾಳ ತಪ್ಪಿದರೂ ಬುದ್ಧಿಯು ಮಾತ್ರ ತಿಳಿಯಾಗಿಯೇ ಇದ್ದಿತು. ಎಸೆರೆಯನ್ನು ತೂಗಿ, ಪ್ರಮಾಣಕ್ಕೆ ತಕ್ಕಂತೆ ಫಲವನ್ನು ಬರೆದಿಟ್ಟ ಈ ಕಾರ್ಯದಿಂದ ಅದರ ಚರಿತ್ರೆಯು ಬೇರೊಂದು ದಾರಿಯನ್ನು ಹಿಡಿಯಿತು.

೧೮೬೧ರಲ್ಲಿ ಸಸ್ಯಶಾಸ್ತ್ರಜ್ಞನಾದ ಬಾಲ್ಫರನು, ಕಲಬಾರಿನ ಪಾದ್ರಿಯೊಬ್ಬನು ಕಳುಹಿಸಿದ ಮಾದರಿಗಳಿಂದ ಬಳ್ಳಿಯನ್ನು ವರ್ಣಿಸಿ ಹೆಸರಿಟ್ಟನು. ೧೮೬೨ರಲ್ಲಿ ತಾಮಸ್ ಫ್ರೇಸರ್ ಎಂಬವನು ಈ ಬೀಜದ ವಿಷಯವಾಗಿ ಪ್ರಬಂಧವನ್ನು ಬರೆದು ಚಿನ್ನದ ಪದಕವನ್ನು ಪಡೆದನು. ಬೀಜದ ಸಾರವು ಕಣ್ಣಿನ ಪಾಪೆಯನ್ನು ಕುಗ್ಗಿಸುವುದೆಂಬುದನ್ನು ಅವನಿಂದ ತಿಳಿದ ನೇತ್ರವೈದ್ಯ ಆರ್ಗೈಲ್ ರಾಬರ್ಟ್‌ಸನ್ ೧೮೬೩ರಲ್ಲಿ ಅದನ್ನು ತನ್ನ ಕಣ್ಣಿಗೇ ಹಾಕಿಕೊಂಡು ನೋಡಿ ಪ್ರಕಟಪಡಿಸಿದನು. ೧೮೬೪ರಲ್ಲಿ ಜರ್ಮನಿಯ ಯೋಬ್ಸ್ಟ್, ಹೆಸ್ಸೆ ಎಂಬವರು ಬೀಜದ ಸತ್ವವನ್ನು ಬೇರ್ಪಡಿಸಿ ಫೈಸೊಸ್ಟಿಗ್ಮೀನ್ ಎಂದರು. ಮರುವರ್ಷ ಫ್ರೆಂಚರು ಅದನ್ನು ಹರಳಾಗಿ ಪಡೆದು, ಎಫಿಕ್ ಹೆಸರನ್ನೇ ಉಳಿಸಿ, ಎಸೆರೀನ್ ಎಂದು ಕರೆದರು. ಬೀಜದಲ್ಲಿ ಈ ಸತ್ವವು ಸಾವಿರಕ್ಕೆ ಒಂದೆರಡು ಪಾಲಿನಷ್ಟು ಮಾತ್ರ ಇರುವುದು. ೧೯೩೫ರಲ್ಲಿ ಅಮೆರಿಕದ ನೀಗ್ರೋ ಜನಾಂಗದ ರಸಾಯನಜ್ಞನಾದ ಪರ್ಸಿ ಜೂಲಿಯನ್ ಎಂಬವನು ಪಿಕ್ಲ್ ಎಂಬವನೊಡಗೂಡಿ ಅದನ್ನು ಬೀಜದ ಸಹಾಯವಿಲ್ಲದೆ ಪ್ರಯೋಗಶಾಲೆಯಲ್ಲಿಯೇ ಕಟ್ಟಿದನು.

೫. ಕಾರ್ಯವೂ ಉಪಯೋಗಗಳೂ

ನರವು ಸ್ನಾಯುವಿಗೆ ಅಪ್ಪಣೆಯನ್ನು ಕೊಡುವಾಗ ತನ್ನ ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಸುರಿಸುವುದು. ಕೆಲಸವಾದೊಡನೆ ಅದನ್ನು ಒಡೆದುಹಾಕುವ ಕಿಣ್ವವೊಂದು ಅಲ್ಲಿಯೇ ಕಾದಿರುವುದು. ಎಸೆರೀನು ಆ ಕಿಣ್ವದ ಕೈಯನ್ನು ಕೆಲವು ಗಂಟೆಗಳ ಕಾಲ ಕಟ್ಟಿಹಾಕುತ್ತದೆ. ಇದನ್ನು ೧೯೨೬ರಲ್ಲಿ ಆಟ್ಟೊ ಲೋವಿಯು ತನ್ನ ಜೊತೆಗಾರನೊಡನೆ ತೋರಿಸಿಕೊಟ್ಟನು. ಆಗ ಕೊಟ್ಟ ಅಪ್ಪಣೆಯು ನಿಲ್ಲದೆ ನಡೆಯುತ್ತಲೇ ಹೋಗುವುದು. ಪಾಪೆ ಕುಗ್ಗುವುದು, ಜೊಲ್ಲು ಸುರಿಯುವುದು, ಎದೆಬಡಿತ ಇಳಿಯುವುದು, ಸ್ನಾಯುಗಳು ಅದುರಿ ಸೋಲುವುವು, ಕೊನೆಗೆ ಉಸಿರು ನಿಲ್ಲುವುದು. ಎಸೆರೆಯ ದಿವ್ಯದಲ್ಲಿ ಸತ್ತವರೆಲ್ಲರೂ ಸತ್ತುದು ಹೀಗೆ.

ಈ ಕಾರ್ಯವನ್ನೇ ಹಿಡಿತದಲ್ಲಿಟ್ಟು ನಡೆಸಿದರೆ ಅದು ಮದ್ದು. ಕಣ್ಣಿನೊಳಗಿನ ಒತ್ತಡವು ಹೆಚ್ಚಿ ದೃಷ್ಟಿಯನ್ನು ಕೆಡಿಸುವ ಗ್ಲಾಕೋಮ ರೋಗಕ್ಕೆ ಲೂಡ್ವಿಗ್ ಲಕ್ವರನು ೧೮೭೦ರ ದಶಕದ ಉತ್ತರಾರ್ಧದಲ್ಲಿ ಎಸೆರೀನಿನ ಹನಿಗಳನ್ನು ಬಳಕೆಗೆ ತಂದನು; ಅವನಿಗೇ ಆ ರೋಗವಿದ್ದಿತು. ಈಗ ಆ ಸ್ಥಾನವನ್ನು ಬೇರೆ ಔಷಧಗಳು ವಹಿಸಿಕೊಂಡಿವೆ. ನಮ್ಮ ಉಮ್ಮತ್ತಿಯ ವಿಷವು ಇದಕ್ಕೆ ನೇರ ವಿರುದ್ಧವಾದುದು: ಅದು ಪಾಪೆಯನ್ನು ಹಿಗ್ಗಿಸಿ, ಬಾಯಿಯನ್ನು ಒಣಗಿಸಿ, ಚಿತ್ತವನ್ನು ಕೆಡಿಸುವುದು. ಆದುದರಿಂದ ಉಮ್ಮತ್ತಿಯ ಜಾತಿಯ ವಿಷಕ್ಕೆ ಎಸೆರೀನು ಪ್ರತಿವಿಷವಾಯಿತು. ಎಸೆರೆಯಂತೆ ಕೆಲಸಮಾಡುವ ಕಾರ್ಬಮೇಟ್ ಕೀಟನಾಶಕಗಳು ರೈತನ ದೇಹಕ್ಕೆ ಸೇರಿದಾಗ, ಉಮ್ಮತ್ತಿಯ ಬಂಧುವಾದ ಅಟ್ರೊಪೀನು ಪ್ರತಿವಿಷವಾಗುವುದು.

೧೯೩೪ರಲ್ಲಿ ಇಂಗ್ಲೆಂಡಿನ ಗ್ರೀನಿಚ್ಚಿನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆಯು ಮಯಸ್ತೀನಿಯ ಎಂಬ ಸ್ನಾಯುದೌರ್ಬಲ್ಯದ ರೋಗಿಗೆ ಎಸೆರೀನನ್ನು ಕೊಟ್ಟು, ಜೋತುಬಿದ್ದ ರೆಪ್ಪೆಗಳು ಮೇಲೇಳುವುದನ್ನು ಕಂಡಳು. ಇದರ ಮಾದರಿಯಲ್ಲಿ ರಚಿತವಾದ ನಿಯೊಸ್ಟಿಗ್ಮೀನನ್ನು ಭಾರತದ ಆಸ್ಪತ್ರೆಗಳಲ್ಲಿ ನಾಗರಹಾವು ಕಡಿದು ಸ್ನಾಯುಗಳು ಸೋತವರಿಗೆ ಸರ್ಪವಿಷದ ಪ್ರತ್ಯೌಷಧದೊಡನೆ ಕೊಡುತ್ತಾರೆ; ಜೊತೆಯಲ್ಲಿ ಅಟ್ರೊಪೀನನ್ನೂ ಕೊಡುವುದು ಕ್ರಮ. ಕಲಬಾರಿನ ಜೌಗುನೆಲದಲ್ಲಿ ಮೊದಲಾದ ಅರಿವು ಹೀಗೆ ನಮ್ಮ ಹೊಲಗದ್ದೆಗಳ ಜನರ ಉಸಿರನ್ನೂ ಕಾಯುತ್ತಿದೆ.

ನೈಜೀರಿಯದ ದಂಡಸಂಹಿತೆಯಲ್ಲಿ ಎಸೆರೆಯ ದಿವ್ಯವನ್ನು ಹೆಸರುಗೊಂಡು ನಿಷೇಧಿಸಿರುವುದು. ಬಳ್ಳಿಯನ್ನು ನಿಷೇಧಿಸಬೇಕಾಗಿರಲಿಲ್ಲ, ಅದು ಯಾವ ತಪ್ಪನ್ನೂ ಮಾಡಿರಲಿಲ್ಲ. ಅರಿಯದ ವಸ್ತುವನ್ನು ಸಾಕ್ಷಿಗೆ ಕರೆದವರ ಕೈಯಲ್ಲಿ ಅದು ಕೊಲೆಗೆ ಸಾಧನವಾಯಿತು. ಅದನ್ನು ತೂಗಿ, ತಾವು ಮೊದಲು ತಿಂದು, ಕಂಡುದನ್ನು ಬರೆದವರ ಕೈಯಲ್ಲಿ ಔಷಧವಾಯಿತು. ಪ್ರಮಾಣವೆಂಬ ನಮ್ಮ ಪದಕ್ಕೆ ಅಳತೆಯೆಂದೂ ಸತ್ಯವನ್ನು ತಿಳಿಯುವ ಸಾಧನವೆಂದೂ ಎರಡರ್ಥಗಳಿರುವುದು ಸರ್ವವಿದಿತ. ಎಸೆರೆಯ ವಿಷಯದಲ್ಲಿ ಎರಡನೆಯದು ಮೊದಲನೆಯದರಿಂದಲೇ ದೊರೆಯಿತು.